ಚಾರ್‌ಮಿನಾರಿನ ಕೆಳಗೆ ಇಪ್ಪತ್ತೆರಡು ಜೋಡಿ

ಹೋದ ತಿಂಗಳು ಮೂವರು ಹೊಸ ವಾರ್ಡನ್‌ಗಳು ಸಿಂಧನೂರಿನ ನನ್ನ ಬಾಡಿಗೆ ಮನೆಗೆ ಬಂದಿದ್ದರು. ಮೂವರೂ ಇನ್ನೂ ಚಿಕ್ಕವರು, ಕೆಲಸಕ್ಕೆ ಸೇರಿ ವರ್ಷವೂ ಆಗಿಲ್ಲ. ಚಹಾ ಕುಡಿದು, ಕಪ್ಪು ತೊಳೆದಿಡಲು ಹೋಗಿ ನನ್ನಿಂದ ಬೈಸಿಕೊಂಡು, ಕೊನೆಗೆ ಬಂದ ವಿಷಯ ಹೇಳಿದರು. "ಮೇಡಂ, ಹುಡುಗ್ಯಾರನ್ನ ಹೈದರಾಬಾದಿನ ಚಾರ್‌ಮಿನಾರ್ ಬಜಾರಕ್ಕ ಒಯ್ದು ಒಬ್ಬಾಕೀನ್ನೂ ಕಳಕೊಳ್ಳಲಾರದಂಗ ಹೆಂಗ ತರೋದು ಅಂತ ನೀವು ಬರದು ಕೊಡ್ರಿ. ತರಬೇತ್ಯಾಗ ನಿಮ್ಮ ಕತಿ ಕೇಳೀವಿ, ಆದ್ರ ಬರದಿದ್ದು ಇಲ್ಲ" ಎಂದರು.

ಬರೆದು ಕೊಡುತ್ತೇನೆ. ಆದರೆ ಆ ಮೂವರೂ ಇದನ್ನು ಓದಿದ ಮೇಲೆ ನನ್ನ ಮನೆಗೆ ಮತ್ತೆ ಬರುತ್ತಾರೋ ಇಲ್ಲವೋ ಗೊತ್ತಿಲ್ಲ. ತರಬೇತಿಯಲ್ಲಿ ನೀವೆಲ್ಲ ಕೇಳಿದ ಆ ಕತೆ, ಚಾರ್‌ಮಿನಾರಿನ ರಸ್ತೆಯಲ್ಲಿ ತಪ್ಪಿಸಿಕೊಂಡ ಹುಡುಗಿಗಾಗಿ ವಾರ್ಡನ್ ಒಬ್ಬಳೇ ನಿಂತ ಕತೆ, ಸುಳ್ಳು. ಅದನ್ನು ಹೇಳುತ್ತ ಬಂದವಳು ನಾನೇ. ಆ ಸುಳ್ಳಿನಿಂದ ಒಬ್ಬ ಹುಡುಗಿಯ ಓದು ನಿಂತಿತು. ಅದು ಬರುವ ಜಾಗ ಬಂದಾಗ ಹೇಳುತ್ತೇನೆ, ಮೊದಲು ಕೆಲಸದ ಮಾತು.

ನಾನು ಮುದಗಲ್ಲಿನವಳು. ಅಪ್ಪ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ಮನೆಯಲ್ಲಿ ದಖ್ಖನಿ, ಓಣಿಯಲ್ಲಿ ಕನ್ನಡ. ನಾಲ್ವರು ತಂಗಿಯರ ಮದುವೆ ಮುಗಿಸುವಷ್ಟರಲ್ಲಿ ನನ್ನ ಮದುವೆಯ ಮಾತು ಎತ್ತುವವರು ಯಾರೂ ಉಳಿದಿರಲಿಲ್ಲ. ಲಿಂಗಸುಗೂರು, ಮಸ್ಕಿ, ಸಿಂಧನೂರು, ಹೀಗೆ ಒಂದೇ ರಸ್ತೆಯ ಮೂರು ಊರುಗಳಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ ನೋಡಿಕೊಂಡು ನೌಕರಿ ಮುಗಿಸಿದೆ. ಹೆಚ್ಚು ಕಾಲ ಇದ್ದದ್ದು ಮಸ್ಕಿಯಲ್ಲಿ. ಹಾಸ್ಟೆಲ್ಲಿನ ವಾರ್ಡನ್ ಕೋಣೆಯಲ್ಲಿಯೇ ನನ್ನ ಮಂಚ, ಒಲೆ, ಕನ್ನಡಿ ಎಲ್ಲ. ರಜೆ ಬಂದು ಹುಡುಗಿಯರು ಟ್ರಂಕು ಹೊತ್ತು ಊರಿಗೆ ಹೋದರೆ ಅಷ್ಟು ದೊಡ್ಡ ಕಟ್ಟಡದಲ್ಲಿ ನಾನೊಬ್ಬಳೇ. ತಂಗಿಯರ ಮನೆಗೆ ಹೋದರೆ ಎರಡನೇ ದಿನಕ್ಕೆ "ಆಪಾ, ರಜೆ ಎಷ್ಟು ದಿನ?" ಎನ್ನುತ್ತಿದ್ದರು. ತಪ್ಪೇನೂ ಇಲ್ಲ, ಕೇಳುವ ಮಾತೇ ಅದು. ಆದರೂ ಮೂರನೇ ದಿನ ಬಸ್ಸು ಹತ್ತುತ್ತಿದ್ದೆ.

ವರ್ಷಕ್ಕೊಮ್ಮೆ ಪ್ರವಾಸ. ನಮ್ಮ ಹುಡುಗಿಯರ ಪಾಲಿಗೆ ನೋಡುವ ಜಾಗವೆಂದರೆ ಹೈದರಾಬಾದ್. ಮಸ್ಕಿಯಲ್ಲಿಯೇ ಬೆಟ್ಟದ ಮೇಲೆ ಅಶೋಕನ ಶಾಸನವಿದೆ, ಅದನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. "ಮಂದಿ ನಮ್ಮೂರು ನೋಡಾಕ ಬರ್ತಾರಲ್ಲಬೇ, ಅಲ್ಲಿಗೇ ಹೋಗೂಣು, ನಡಕೊಂಡು ಹೋಗಿ ನಡಕೊಂಡು ಬರಬಹುದು" ಎಂದು ನಾನು ಚೇಷ್ಟೆ ಮಾಡಿದರೆ ಹುಡುಗಿಯರು ಆ ಹೊತ್ತಿನ ಊಟ ಬಿಡುತ್ತಿದ್ದರು. ಅವರಿಗೆ ಬೇಕಾಗಿದ್ದು ಬಳೆಯ ಬೀದಿ.

ಆ ಬೀದಿಯ ಹೆಸರು ಲಾಡ್ ಬಜಾರ್. ಚಾರ್‌ಮಿನಾರಿನ ಬುಡದಿಂದ ಪಡುವಣಕ್ಕೆ ಹೋಗುತ್ತದೆ. ಎರಡೂ ಕಡೆ ಬರೀ ಬಳೆ, ಅರಗಿನ ಬಳೆ, ಹರಳು ಕೂಡಿಸಿದ ಬಳೆ. ಕೈಗೆ ಸರಿಯಾಗದಿದ್ದರೆ ಅಲ್ಲೇ ಕೆಂಡದ ಮೇಲೆ ಬಿಸಿ ಮಾಡಿ ಹಿಗ್ಗಿಸಿ ಕೊಡುತ್ತಾರೆ. ಹುಡುಗಿಯರು ಬಳೆಗಿಂತ ಅದನ್ನೇ ಹೆಚ್ಚು ನೋಡುತ್ತಿದ್ದರು. ನಾನು ನಮ್ಮ ದಖ್ಖನಿಯಲ್ಲಿ ಚೌಕಾಸಿ ಶುರುಮಾಡಿದರೆ ಅಂಗಡಿಯವರು ನಗುತ್ತಿದ್ದರು. ಒಬ್ಬ ಮುದುಕ ಅಂಗಡಿಕಾರರಂತೂ ನನ್ನ ಬಾಯಿಂದ ಎರಡು ಮಾತು ಬೀಳುವ ಮೊದಲೇ "ರಾಯಚೂರ್ ಕಡೆಯವರಾ?" ಎಂದು ಕೇಳಿಬಿಡುತ್ತಿದ್ದರು. ನನ್ನದೇ ಭಾಷೆ ಆಡುವ ಊರಲ್ಲೂ ನಾನು ಹೊರಗಿನವಳೆಂದು ಗೊತ್ತಾಗಿ ಸ್ವಲ್ಪ ಬೇಸರವಾಗುತ್ತಿತ್ತು.

ಮೊದಲ ವರ್ಷ ನಾನು ಮಾಡಿದ ತಪ್ಪು ಮೂಸಿ ನದಿಯ ದಂಡೆಯ ಮ್ಯೂಜಿಯಂನಲ್ಲಿ. ಅಲ್ಲೊಂದು ದೊಡ್ಡ ಗಡಿಯಾರವಿದೆ. ತಾಸಿಗೊಮ್ಮೆ ಅದರೊಳಗಿಂದ ಒಂದು ಗೊಂಬೆ ಮನುಷ್ಯ ಹೊರಬಂದು ಗಂಟೆ ಬಾರಿಸಿ ಒಳಗೆ ಹೋಗುತ್ತಾನೆ. ಹುಡುಗಿಯರಿಗೆ ಮಸ್ಕಿಯಿಂದ ರಾಯಚೂರು ದಾಟುವವರೆಗೂ ಅವನ ವರ್ಣನೆಯನ್ನೇ ಮಾಡಿದ್ದೆ. ನಾವು ಒಳಗೆ ಹೋಗಿ, ನೂಕುನುಗ್ಗಲಲ್ಲಿ ಜಾಗ ಹಿಡಿದು, ಮುಕ್ಕಾಲು ತಾಸು ನಿಂತೆವು. ಮಧ್ಯಾಹ್ನದ ಒಂದು ಗಂಟೆ. ಗೊಂಬೆ ಬಂದ, ಒಂದೇ ಏಟು ಹೊಡೆದ, ಹೋದ. "ಇಷ್ಟ ಏನ್ರೀ?" ಎಂದು ಒಬ್ಬಳು ಅಳುವುದಕ್ಕೇ ಶುರುಮಾಡಿದಳು. ಹೊಸ ವಾರ್ಡನ್‌ಗಳೇ, ಹನ್ನೆರಡಕ್ಕೆ ಹೋಗಿರಿ. ಹನ್ನೆರಡು ಏಟು ನೋಡಿದ ಹುಡುಗಿ ಊರಿಗೆ ಬರುವವರೆಗೂ ತಕರಾರು ಮಾಡುವುದಿಲ್ಲ.

ಎರಡನೇ ಮಾತು ಜೋಡಿಯದು. ಬಜಾರದಲ್ಲಿ ತಲೆ ಎಣಿಸಲು ಆಗುವುದಿಲ್ಲ. ನಲವತ್ತು ತಲೆ ಎಣಿಸುವಷ್ಟರಲ್ಲಿ ಹತ್ತು ತಲೆ ಕಿವಿಯೋಲೆ ನೋಡಲು ಹೋಗಿರುತ್ತವೆ. ಅದಕ್ಕೆ ನಾನು ಹುಡುಗಿಯರಿಗೆ ಜೋಡಿ ಹಾಕುತ್ತಿದ್ದೆ. ಗೆಳತಿಯರನ್ನು ಜೋಡಿ ಮಾಡಬಾರದು, ಇಬ್ಬರೂ ಕೂಡಿಯೇ ದಾರಿ ತಪ್ಪುತ್ತಾರೆ. ಒಬ್ಬಳು ಬಾಯಿ ಇದ್ದವಳು, ಇನ್ನೊಬ್ಬಳು ಅಂಜುಬುರುಕಿ. ಇಬ್ಬರ ಜಡೆಗೂ ಒಂದೇ ಬಣ್ಣದ ರಿಬ್ಬನ್. ವಾಹನ ಹತ್ತುವಾಗ "ನೀ ಬಂದೀ?" ಎಂದು ಕೇಳುವುದಲ್ಲ, "ನಿನ್ನ ಜೋಡಿ ಬಂದಾಳ?" ಎಂದು ಕೇಳಬೇಕು. ತನ್ನ ಬಗ್ಗೆ ಹುಡುಗಿ ಮರೆಯುತ್ತಾಳೆ, ಇನ್ನೊಬ್ಬಳ ಬಗ್ಗೆ ಕೇಳಿದರೆ ತಿರುಗಿ ನೋಡುತ್ತಾಳೆ. ಅಷ್ಟು ವರ್ಷ ಪ್ರವಾಸ ಮಾಡಿದರೂ ಈ ಪದ್ಧತಿಯಿಂದ ಒಬ್ಬಳೂ ಕಳೆದುಹೋಗಲಿಲ್ಲ. ಈ ಮಾತು ನಿಜ.

ಸಂಖ್ಯೆ ಬೆಸವಾದರೆ ಉಳಿದವಳು ನನ್ನ ಜೋಡಿ. ಎರಡು ವರ್ಷ ಹಾಗೆ ಉಳಿದವಳು ಹುಲಿಗೆಮ್ಮ. ಪಾಮನಕಲ್ಲೂರಿನವಳು, ಗೋಡೆ ಕಟ್ಟುವ ಗೌಂಡಿ ಅಮರಪ್ಪನ ಮಗಳು. ತಾಯಿ ಇರಲಿಲ್ಲ. ಏಳನೇತ್ತೆಯ ಕ್ಲಾಸಿಗೆ ವರ್ಷದ ನಡುವಿನಲ್ಲಿ ಬಂದು ಸೇರಿದ್ದಳು, ಅಷ್ಟರಲ್ಲಿ ಉಳಿದವರು ತಮ್ಮ ತಮ್ಮ ಗುಂಪು ಮಾಡಿಕೊಂಡಾಗಿತ್ತು. ಮಾತು ಕಡಿಮೆ, ಕೈ ಮಾತ್ರ ಗಟ್ಟಿ. ಬಜಾರದಲ್ಲಿ ನನ್ನ ಬಲಗೈ ಹಿಡಿದರೆ ಬೆರಳು ನೋಯುತ್ತಿದ್ದವು. ಜಡೆಗೆ ಕಟ್ಟಿದ ಹಸಿರು ರಿಬ್ಬನ್ನಿನ ಒಂದು ತುಂಡು ನನಗೂ ಕೊಟ್ಟು, "ನೀವೂ ಕಟ್ಕೋರಿ ಮೇಡಂ, ಜೋಡಿ ಅಲ್ಲ ನಾವು?" ಎಂದಿದ್ದಳು. ನಾನು ನಕ್ಕು ಕೈಚೀಲದ ಹಿಡಿಕೆಗೆ ಕಟ್ಟಿಕೊಂಡೆ. ಅವಳಿಗೆ ಉಪಕಾರ ಮಾಡುತ್ತಿದ್ದೇನೆ ಎಂದೇ ನನ್ನ ತಿಳುವಳಿಕೆ.

ಮೂರನೇ ವರ್ಷ ಅವಳು ಒಂಬತ್ತನೇತ್ತೆ. ಆ ಸಲ ಹುಡುಗಿಯರು ಸರಿಯಾಗಿ ನಲವತ್ತನಾಲ್ಕು. ಇಪ್ಪತ್ತೆರಡು ಜೋಡಿ, ಉಳಿದವರು ಯಾರೂ ಇಲ್ಲ. ಹುಲಿಗೆಮ್ಮನಿಗೆ ಹೊಸದಾಗಿ ಬಂದ ಒಬ್ಬಳನ್ನು ಜೋಡಿ ಹಾಕಿದೆ. ಹೆಸರು ಓದಿದಾಗ ಅವಳು ನನ್ನ ಮುಖ ನೋಡಿದ್ದು ನೆನಪಿದೆ. ನಾನು ಪಟ್ಟಿಯ ಮುಂದಿನ ಹೆಸರಿಗೆ ಹೋದೆ.

ಎರಡು ಟೆಂಪೊ ಮಾಡಿಕೊಂಡು ಹೋಗಿದ್ದೆವು, ಒಂದೊಂದರಲ್ಲಿ ಹನ್ನೊಂದು ಜೋಡಿ. ಮುಂದಿನದರಲ್ಲಿ ಅಡುಗೆಯ ಬಸಮ್ಮ, ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ. ನಾನು ಒಮ್ಮೆ ಅದರಲ್ಲಿ, ಒಮ್ಮೆ ಇದರಲ್ಲಿ. ಎರಡೂ ಕಡೆ ಗದ್ದಲ ಮಾಡದಂತೆ ನೋಡಿಕೊಳ್ಳಬೇಕಲ್ಲ. ಹನ್ನೆರಡರ ಗಡಿಯಾರ ನೋಡಿ, ಊಟ ಮುಗಿಸಿ, ಚಾರ್‌ಮಿನಾರಿಗೆ ಬಂದೆವು. ಹುಡುಗಿಯರು ಹತ್ತತ್ತು ಜನರಂತೆ ಮೇಲೆ ಹತ್ತಿ ಇಳಿದರು. ನಾನು ಎಂದಿನಂತೆ ಕೆಳಗೆ ಅವರ ಚೀಲಗಳನ್ನು ಕಾಯುತ್ತ ಕುಳಿತಿದ್ದೆ. ಎಷ್ಟೋ ಸಲ ಅಲ್ಲಿಗೆ ಹೋಗಿದ್ದೆ, ಒಮ್ಮೆಯೂ ಮೇಲೆ ಹೋಗಿರಲಿಲ್ಲ. ಕೆಳಗಿಳಿದು ಬಂದ ಪ್ರತಿಯೊಬ್ಬಳೂ ಏನೇನು ಕಾಣುತ್ತದೆ ಎಂದು ಹೇಳಿ ಹೇಳಿ, ಮೇಲಿನಿಂದ ಕಾಣುವುದೆಲ್ಲ ನನಗೆ ಬಾಯಿಪಾಠವಾಗಿತ್ತು.

ಬಳೆ ಕೊಳ್ಳುವುದೂ ಮುಗಿಯಿತು. ಬಸಮ್ಮನಿಗೆ ಹೇಳಿದೆ, "ನೀ ಇವರನ್ನ ಟೆಂಪೊ ಕಡೆ ನಡಸು. ಜೋಡಿ ನೋಡಿ ಹತ್ತಸು. ನಾ ಬಂದೆ." ಎಲ್ಲಿಗೆ ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ನನ್ನ ಕೈ ಹಿಡಿದುಕೊಂಡವರು ಯಾರೂ ಇರಲಿಲ್ಲ. ಹತ್ತು ನಿಮಿಷದ ಮಾತು ಎಂದುಕೊಂಡು ಟಿಕೀಟು ತೆಗೆಸಿ ಚಾರ್‌ಮಿನಾರ್ ಹತ್ತಿಬಿಟ್ಟೆ.

ಸುಳ್ಳೇಕೆ, ಬಹಳ ಚೆನ್ನಾಗಿತ್ತು. ಕಮಾನಿನಡಿ ನಿಂತರೆ ಗಾಳಿ. ಒಂದು ಕಡೆ ಮಕ್ಕಾ ಮಸೀದಿಯ ಅಂಗಳ, ಅದರ ತುಂಬ ಪಾರಿವಾಳ. ಇನ್ನೊಂದು ಕಡೆ ಬಳೆ ಬೀದಿ. ಬಡಗಣಕ್ಕೆ ದೊಡ್ಡ ರಸ್ತೆ, ದೂರದಲ್ಲಿ ಅದಕ್ಕೆ ಅಡ್ಡಲಾಗಿ ಹಳೆಯ ಕಮಾನು. ಆ ರಸ್ತೆಯಲ್ಲಿ ನನ್ನ ಹುಡುಗಿಯರು ಹೋಗುತ್ತಿದ್ದರು. ನೀಲಿ ಲಂಗ, ಎರಡೆರಡು ಜಡೆ, ಎರಡೆರಡು ಜನ, ಕೈ ಕೈ ಹಿಡಿದು. ಎಂಥ ಶಿಸ್ತು! ತಳ್ಳುಗಾಡಿಗಳು, ಆಟೋಗಳು, ಜನ ಎಲ್ಲ ಅವರಿಗೆ ದಾರಿ ಬಿಡುತ್ತಿದ್ದರು. ನನ್ನ ಕೆಲಸವನ್ನು ನಾನು ಮೇಲಿನಿಂದ ನೋಡಿದ್ದು ಅದೊಂದೇ ಸಲ. ಹೆಮ್ಮೆಯಾಯಿತು. ಒಬ್ಬಳಾದರೂ ಹಿಂತಿರುಗಿ "ಮೇಡಂ ಎಲ್ಲಿ?" ಎಂದು ನೋಡುತ್ತಾಳೇನೋ ಎಂದು ಕಮಾನಿನವರೆಗೂ ನೋಡಿದೆ. ಜೋಡಿ ಇದ್ದವರು ಯಾಕೆ ತಿರುಗಿ ನೋಡುತ್ತಾರೆ? ಯಾರೂ ನೋಡಲಿಲ್ಲ. ಆಗ ಮನಸ್ಸಿಗೆ ಬಂದದ್ದನ್ನು ಇಲ್ಲಿ ಬರೆಯುವುದು ಕಷ್ಟ. ನಾನಿಲ್ಲದಿದ್ದರೂ ಇವರಿಗೆ ನಡೆಯುತ್ತದೆ ಎನಿಸಿತು.

ಇಳಿಯುವಾಗ ಮೆಟ್ಟಿಲಲ್ಲಿ ಸಿಕ್ಕಿಕೊಂಡೆ. ಸುರುಳಿ ಮೆಟ್ಟಿಲು, ಒಬ್ಬರೇ ಇಳಿಯುವಷ್ಟು ಕಿರಿದು. ಮುಂದೆ ಯಾರೋ ಒಬ್ಬ ಅಜ್ಜಿ ತಲೆ ತಿರುಗಿ ಕುಳಿತುಬಿಟ್ಟಿದ್ದರು. ಮೇಲೆ ಹೋಗುವಂತಿಲ್ಲ, ಕೆಳಗೆ ಇಳಿಯುವಂತಿಲ್ಲ. ಅವರಿಗೆ ನೀರು ಕುಡಿಸಿ ಕೆಳಗಿಳಿಸುವಷ್ಟರಲ್ಲಿ ಹೊತ್ತಾಗಿಹೋಯಿತು. ಓಡುತ್ತ ಕಮಾನು ದಾಟಿ ಟೆಂಪೊ ನಿಲ್ಲಿಸಿದ ಜಾಗಕ್ಕೆ ಬಂದರೆ ಟೆಂಪೊ ಎರಡೂ ಇಲ್ಲ. ನಿಲ್ಲಿಸಬಾರದ ಜಾಗವೆಂದು ಪೊಲೀಸರು ಸೀಟಿ ಹೊಡೆದು ಎಬ್ಬಿಸಿದ್ದರು. ಮುಂದಿನವರು ನಾನು ಹಿಂದಿನದರಲ್ಲಿದ್ದೇನೆ ಎಂದುಕೊಂಡರು, ಹಿಂದಿನವರು ಮುಂದಿನದರಲ್ಲಿ ಎಂದುಕೊಂಡರು. "ಜೋಡಿ ಬಂದಾಳ?" ಎಂದು ಕೇಳಿದರೆ ಎಲ್ಲರೂ ಬಂದಾಳೆಂದರು. ನನ್ನ ಪದ್ಧತಿಯಲ್ಲಿ ನನಗೆ ಜಾಗವಿರಲಿಲ್ಲ.

ಖಾಲಿ ಜಾಗದ ಪಕ್ಕದಲ್ಲಿ, ವಿದ್ಯುತ್ ಕಂಬಕ್ಕೆ ಬೆನ್ನು ಹಚ್ಚಿ, ಹುಲಿಗೆಮ್ಮ ನಿಂತಿದ್ದಳು.

ಹೋಗಿ ಅವಳ ಕೆನ್ನೆಗೆ ಒಂದು ಏಟು ಕೊಟ್ಟೆ. "ಯಾರ ಹೇಳಿದ್ರಲೇ ನಿನಗ ಇಳೀ ಅಂತ? ಜೋಡಿ ಬಿಟ್ಟು ಯಾಕ ಇಳದಿ?"

ಅವಳು ಅಳಲಿಲ್ಲ. ಕೆನ್ನೆ ಹಿಡಿದುಕೊಂಡು ಹೇಳಿದಳು, "ನೀವು ಎರಡೂ ಗಾಡ್ಯಾಗ ಇದ್ದಿಲ್ರಿ. ಬಸಮ್ಮಗ ಹೇಳಿದೆ, ಹಿಂದಿನ ಗಾಡ್ಯಾಗ ಅದಾರ ಸುಮ್ನ ಕುಂದ್ರು ಅಂದ್ಲು. ಜೋಡಿ ಕೇಳೋದು ಮುಗದ ಮ್ಯಾಲೆ ನಾ ಇಳದು ಹಿಂದಿನದ್ರಾಗ ನೋಡಿದೆ, ಅಲ್ಲೂ ಇಲ್ಲ. ಅಷ್ಟರಾಗ ಎರಡೂ ಹೋದ್ವು."

"ಹೋದ್ರ ಹೋಗಲಿ, ನೀ ಹತ್ತಬೇಕಿತ್ತು."

"ನೀವು ಒಬ್ಬಾಕಿ ಆಗ್ತಿದ್ರಿ ಅಲ್ರೀ ಮೇಡಂ" ಎಂದಳು.

ನನ್ನ ಹತ್ತಿರ ಆಗ ಮೊಬೈಲ್ ಇರಲಿಲ್ಲ. ಡ್ರೈವರನ ಹತ್ತಿರ ಒಂದಿತ್ತು, ಅದರ ನಂಬರು ನನ್ನ ಹಾಜರಿ ಪುಸ್ತಕದಲ್ಲಿತ್ತು, ಪುಸ್ತಕ ಟೆಂಪೊದಲ್ಲಿತ್ತು. ಮುಂದಿನ ಜಾಗ ಗೋಲ್ಕೊಂಡಾ ಕೋಟೆ. ಅಲ್ಲಿ ಇಳಿದಾಗ ಗೊತ್ತಾಗುತ್ತದೆ, ಇಲ್ಲಿಗೇ ವಾಪಸು ಬರುತ್ತಾರೆ, ಜಾಗ ಬಿಟ್ಟು ಕದಲಬಾರದು ಎಂದು ತೀರ್ಮಾನಿಸಿದೆ. ಇಬ್ಬರೂ ಕಂಬದ ಬುಡದಲ್ಲಿ ನಿಂತೆವು. ಸುಮಾರು ಎರಡು ತಾಸು. ಎದುರಿನ ಹೋಟೆಲಿನಿಂದ ಚಹಾ, ಬಿಸ್ಕೀಟು ತಂದು ಕೊಟ್ಟೆ. ಅವಳು ಚೀಲದಿಂದ ಅರ್ಧ ರೊಟ್ಟಿ ತೆಗೆದು ಮುರಿದು ನನಗೊಂದು ಪಾಲು ಕೊಟ್ಟಳು.

"ಎಲ್ಲಿ ಹೋಗಿದ್ರಿ ಮೇಡಂ?"

"ಮ್ಯಾಲೆ."

"ಚಾರ್‌ಮಿನಾರ್ ಮ್ಯಾಲೆ?" ಎಂದು ಕಣ್ಣರಳಿಸಿ, ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ನಮ್ಮನ್ನ ಬಿಟ್ಟು?"

ನಾನೂ ನಕ್ಕೆ. ಮೇಲಿನಿಂದ ನೀವೆಲ್ಲ ಹೇಗೆ ಕಾಣುತ್ತಿದ್ದಿರಿ ಎಂದು ಹೇಳಿದೆ. ಅವಳು ನನ್ನ ಬಲಗೈ ಹಿಡಿದುಕೊಂಡೇ ಕೇಳಿದಳು. ನಿಜ ಹೇಳುತ್ತೇನೆ, ಅಷ್ಟು ವರ್ಷಗಳ ನೌಕರಿಯಲ್ಲಿ ನಾನು ಸುಖವಾಗಿದ್ದ ಎರಡು ತಾಸು ಅವು. ನಾನಿಲ್ಲವೆಂದು ಯಾರಿಗೋ ಗೊತ್ತಾಗಿತ್ತು, ಆ ಯಾರೋ ಒಬ್ಬಳು ಗಾಡಿ ಇಳಿದಿದ್ದಳು.

ಆಮೇಲೆ ಟೆಂಪೊ ಬಂತು. ಬಸಮ್ಮ ಕೆಳಗಿಳಿಯುವ ಮೊದಲೇ ಬಾಯಿ ಮಾಡುತ್ತಿದ್ದಳು. "ಅಯ್ಯೋ ನಮ್ಮವ್ವಾ, ಎಲ್ಲಿ ಹೋಗಿದ್ದೀ ಬೇ ಹುಲಿಗೆವ್ವಾ? ಮೇಡಂ ನಿನ್ನ ಸಲುವಾಗಿ ಇಲ್ಲಿ ನಿಂತಾರ ನೋಡು!" ಡ್ರೈವರ್ ಕೂಡ ಅದನ್ನೇ ಹೇಳಿದ. ಕಿಟಕಿಗಳಲ್ಲಿ ಇಪ್ಪತ್ತು ಮುಖಗಳು ಅವಳನ್ನೇ ನೋಡುತ್ತಿದ್ದವು. ಯಾರೂ ನನ್ನನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕತೆಯನ್ನು ನಾನು ಕಟ್ಟಲಿಲ್ಲ, ಕಟ್ಟಿದ್ದು ನನ್ನ ಕೈಗೆ ಬಂತು. ಹುಲಿಗೆಮ್ಮ ನನ್ನ ಕಡೆ ನೋಡಿದಳು. ಈಗ ಮೇಡಂ ಹೇಳುತ್ತಾರೆ ಎಂದು ಕಾಯುತ್ತಿದ್ದಳು.

ಹತ್ತು ಅಂದೆ. ಅಷ್ಟೇ. "ಹತ್ತು, ಹೊತ್ತಾತು."

ಹೊಸಬರಿಗೆ ನನ್ನ ಅಂಜಿಕೆ ಏನೆಂದು ಗೊತ್ತಾಗಬೇಕು. ನಲವತ್ತನಾಲ್ಕು ಹೆಣ್ಣುಮಕ್ಕಳನ್ನು ಬೀದಿಯಲ್ಲಿ ಬಿಟ್ಟು ವಾರ್ಡನ್ ಚಾರ್‌ಮಿನಾರ್ ನೋಡಲು ಹೋಗಿದ್ದಳು ಎಂದಾದರೆ ಅದು ಅಮಾನತ್ತಿನ ಮಾತು. ನೌಕರಿ ಹೋದರೆ ನನಗೆ ಕೋಣೆಯೂ ಹೋಗುತ್ತಿತ್ತು. ಹೋಗುವುದಕ್ಕೆ ಇನ್ನೊಂದು ಮನೆ ಇರಲಿಲ್ಲ. ಈ ಕಾರಣ ಸಾಲದು. ಆದರೆ ಇದ್ದದ್ದು ಇದೇ.

ಹುಡುಗಿಯರು ಊರಿಗೆ ಹೋಗಿ ಹೇಳಿದ್ದು ಸಾಹೇಬರ ಕಿವಿಗೆ ಬಿತ್ತು. ತಾಲೂಕು ಅಧಿಕಾರಿಗಳಾಗಿದ್ದ ಅವರು ಕೆಟ್ಟವರಲ್ಲ, ಗಟ್ಟಿ ಧ್ವನಿಯವರು, ಬರವಣಿಗೆಯಲ್ಲಿ ಬಂದರೆ ಮಾತ್ರ ನಂಬುವವರು. ವರದಿ ಕೇಳಿದರು. ನಾನು ಬರೆದೆ: ಸದರಿ ವಿದ್ಯಾರ್ಥಿನಿ ತನ್ನ ಜೋಡಿಯನ್ನು ಬಿಟ್ಟು ಹೋಗಿದ್ದರಿಂದ, ಅವಳನ್ನು ಪತ್ತೆ ಹಚ್ಚುವ ಸಲುವಾಗಿ ನಾನು ಸ್ಥಳದಲ್ಲಿಯೇ ಉಳಿಯಬೇಕಾಯಿತು. ಒಂದೇ ವಾಕ್ಯ. ಕೆಳಗೆ ಸಹಿ. ಸಾಹೇಬರು ಓದಿ ಎದ್ದು ನಿಂತು, "ಭೇಷ್ ಮೇಡಂ, ಹಿಂಗಿರಬೇಕು ವಾರ್ಡನ್ ಅಂದ್ರ" ಎಂದರು. ಆಮೇಲೆ ಹುಡುಗಿಯ ತಂದೆಯನ್ನು ಕರೆಸಿ, "ನಿನ್ನ ಮಗಳು ಕೈ ತಪ್ಪಿ ತಿರುಗೋ ಹುಡುಗಿ. ಇನ್ನೊಮ್ಮೆ ಹಿಂಗಾದ್ರ ನಾವು ಜವಾಬ್ದಾರರಲ್ಲ" ಎಂದು ವರದಿ ಮುಂದಿಟ್ಟು ಓದಿ ಹೇಳಿದರು.

ಅಮರಪ್ಪ ಅದೇ ದಿನ ಸಂಜೆಗೆ ಮುಂಚೆ ಹಾಸ್ಟೆಲ್ಲಿಗೆ ಬಂದ. ಅಂಗಿಯ ತೋಳಿನ ಮೇಲೆ ಸಿಮೆಂಟು ಒಣಗಿತ್ತು. ಮಗಳ ಟ್ರಂಕು ಹೊರಗೆ ತಂದಿಟ್ಟ. ನಾನು ವರಾಂಡದಲ್ಲಿ ನಿಂತು, "ಹತ್ತನೇತ್ತೆ ಮುಗಿಸಲಿ ಅಮರಪ್ಪ, ಶಾಣ್ಯಾ ಹುಡುಗಿ" ಎಂದೆ.

"ಬ್ಯಾಡ್ರಿ ಮೇಡಂ. ನಿಮಗ ಭಾಳ ತ್ರಾಸ ಕೊಟ್ಟಾಳ" ಎಂದು ಅವನು ಕೈ ಮುಗಿದ.

ಹುಲಿಗೆಮ್ಮ ಅಪ್ಪನ ಹಿಂದೆ ಹೋದಳು. ಗೇಟಿನ ಹತ್ತಿರ ಒಮ್ಮೆ ತಿರುಗಿದಳು. ಕರೆಯಬಹುದಿತ್ತು. ಗೇಟು ಬಹಳ ದೂರವೇನೂ ಇರಲಿಲ್ಲ.

ಆಮೇಲೆ ಪ್ರತಿ ತರಬೇತಿಯಲ್ಲೂ ಸಾಹೇಬರು ನನ್ನನ್ನು ಎಬ್ಬಿಸಿ ಆ ಕತೆ ಹೇಳಿಸಿದರು. ಅವರು ವರ್ಗವಾಗಿ ಹೋದ ಮೇಲೆ ಬಂದವರೂ ಹೇಳಿಸಿದರು. ಹೇಳಿ ಹೇಳಿ ಅದಕ್ಕೆ ಕೈಕಾಲು ಬಂದವು. ಮಸೀದಿಯ ಅಂಗಳದಲ್ಲಿ ಹುಡುಕಿದ್ದು, ಬಳೆಯಂಗಡಿಯವರು ನೆರವಾದದ್ದು, ಎಲ್ಲ ಸೇರಿಕೊಂಡವು. ಹುಡುಗಿಯ ಹೆಸರನ್ನು ಮಾತ್ರ ಯಾವತ್ತೂ ಹೇಳಲಿಲ್ಲ. ಕೇಳಿದವರು ಅದನ್ನು ನನ್ನ ದೊಡ್ಡ ಗುಣ ಎಂದುಕೊಂಡರು.

ಕೆಲಸದ ರೀತಿ ಬದಲಾಯಿತು. ಈಗ ಹುಡುಗಿಯರ ಕೈಯಲ್ಲಿ ಫೋನು, ನಿಮ್ಮ ಕೈಯಲ್ಲಿ ಎರಡು. ಎಲ್ಲಿ ನಿಂತಿದ್ದೇವೆ ಎಂದು ನಕ್ಷೆಯಲ್ಲಿ ಕಳಿಸಬೇಕು, ಪ್ರತಿ ಜಾಗದಲ್ಲೂ ಎಲ್ಲರನ್ನೂ ನಿಲ್ಲಿಸಿ ಫೋಟೊ ತೆಗೆದು ಗುಂಪಿಗೆ ಹಾಕಬೇಕು. ಕೊನೆಯ ಆರೇಳು ವರ್ಷ ನಾನೂ ಹಾಕಿದೆ. ನಿವೃತ್ತಿಯಾದ ಮೇಲೆ ಒಂದು ಮಧ್ಯಾಹ್ನ ಬೇರೆ ಕೆಲಸವಿಲ್ಲದೆ ಅವನ್ನೆಲ್ಲ ಮತ್ತೆ ನೋಡಿದೆ. ಚಾರ್‌ಮಿನಾರ್, ಗೋಲ್ಕೊಂಡಾ, ಮ್ಯೂಜಿಯಂ, ನೂರಾರು ಹುಡುಗಿಯರು. ತೆಗೆದವಳು ನಾನಾದ್ದರಿಂದ ಒಂದರಲ್ಲೂ ನಾನಿಲ್ಲ.

ನಿವೃತ್ತರ ದಿನ ಹೇಗಿರುತ್ತದೆ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬೆಳಗಿನ ಐದಕ್ಕೆ ಎಚ್ಚರವಾಗುತ್ತದೆ, ಎಬ್ಬಿಸಬೇಕಾದವರು ಯಾರೂ ಇಲ್ಲ. ಅಕ್ಕಿ ಹಾಕುವಾಗ ಕೈ ತಾನೇ ಹೆಚ್ಚು ಹಾಕುತ್ತದೆ. ಒಂಟಿತನ ಬಹಳ ಕಾಡುತ್ತದೆ, ಇದನ್ನು ಸುತ್ತಿ ಬಳಸಿ ಹೇಳುವುದೇನೂ ಇಲ್ಲ. ಹೀಗಿರುವಾಗ ಹೋದ ಚಳಿಗಾಲದಲ್ಲಿ ಒಬ್ಬಳೇ ಬಸ್ಸು ಹತ್ತಿ ಹೈದರಾಬಾದಿಗೆ ಹೋದೆ. ಚಾರ್‌ಮಿನಾರಿನ ಸುತ್ತ ಈಗ ವಾಹನಗಳಿಲ್ಲ, ಕಲ್ಲು ಹಾಸಿದ್ದಾರೆ, ಎಲ್ಲರೂ ಫೋನು ಎತ್ತಿ ತಮ್ಮ ಫೋಟೊ ತಾವೇ ತೆಗೆದುಕೊಳ್ಳುತ್ತಾರೆ. ಟಿಕೀಟಿನ ಕಿಂಡಿಯಲ್ಲಿದ್ದವನು "ಕಿತ್ನೆ ಜನ?" ಎಂದು ಕೇಳಿದ. "ಅಕೇಲಿಚ್" ಎಂದೆ. ಒಬ್ಬಳೇ. ಅವನು ಟಿಕೀಟು ಹರಿದು ಕೊಟ್ಟ. ನನಗೆ ಮೆಟ್ಟಿಲು ಹತ್ತಲು ಆಗಲಿಲ್ಲ. ಮೊಣಕಾಲಿನ ನೋವು ಎಂದು ಬರೆದರೆ ನೀವು ನಂಬುತ್ತೀರಿ, ಆದರೆ ಅದಲ್ಲ. ಟಿಕೀಟು ಹಿಡಿದುಕೊಂಡು ಹಳೆಯ ಟೆಂಪೊ ಜಾಗದವರೆಗೆ ನಡೆದೆ. ಆ ಕಂಬ ಇರಲಿಲ್ಲ. ಅಲ್ಲಿ ನಿಂತು ಅತ್ತೆ. ಯಾರೋ ಹೆಣ್ಣುಮಗಳು ನೀರಿನ ಬಾಟಲಿ ಕೊಟ್ಟಳು.

ವಾಪಸು ಬಂದು ಬಸಮ್ಮನನ್ನು ಹುಡುಕಿದೆ. ಮಸ್ಕಿಯಲ್ಲಿ ಮಗನ ಮನೆಯಲ್ಲಿದ್ದಾಳೆ, ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲ. "ಹುಲಿಗೆವ್ವ ಎಲ್ಲಿ ಅದಾಳ?" ಎಂದು ಕೇಳಿದೆ. "ಲಿಂಗಸುಗೂರಾಗ ರೊಟ್ಟಿ ಖಾನಾವಳಿ ಇಟ್ಟಾಳ್ರಿ, ಮುದಗಲ್ ರಸ್ತೇಕ್ಕ. ಗಂಡ ಒಳ್ಳೇಂವ. ಅಪ್ಪನೂ ಆಕೀ ಕಡೇನ ಅದಾನ" ಎಂದಳು. ಮದುವೆಗೆ ನನ್ನನ್ನು ಕರೆದಿರಲಿಲ್ಲ. ಕರೆಯುವುದಾದರೂ ಯಾಕೆ?

ಒಂದು ಬುಧವಾರ ಹೋದೆ. ಸಿಂಧನೂರಿನಿಂದ ಲಿಂಗಸುಗೂರಿಗೆ ಬಸ್ಸು ಮಸ್ಕಿಯ ಮೇಲೆಯೇ ಹೋಗುತ್ತದೆ, ನನ್ನ ನೌಕರಿಯೆಲ್ಲ ಕಿಟಕಿಯಲ್ಲಿ ಹಿಂದೆ ಸರಿಯಿತು. ಖಾನಾವಳಿ ಸಣ್ಣದು, ನಾಲ್ಕು ಮೇಜು. ಒಳಗೆ ಇಬ್ಬರು ಹೆಂಗಸರ ಜೊತೆ ಅವಳು ರೊಟ್ಟಿ ಬಡಿಯುತ್ತಿದ್ದಳು. ತೋಳಿಗೆಲ್ಲ ಹಿಟ್ಟು. ನನ್ನನ್ನು ನೋಡಿ ಒಂದು ಗಳಿಗೆ ಕೈ ನಿಲ್ಲಿಸಿ, ಮತ್ತೆ ಬಡಿದಳು.

"ಬರ್ರಿ ಮೇಡಂ. ಕುಂದರ್ರಿ. ಉಂಡು ಮಾತಾಡೂಣು."

ತಾನೇ ಬಡಿಸಿದಳು. ಬಿಸಿ ರೊಟ್ಟಿ, ಪುಂಡಿಪಲ್ಯ. ಜೊತೆಗಿದ್ದ ಹೆಂಗಸರಿಗೆ ಹೇಳಿದಳು, "ನಮ್ಮ ಹಾಸ್ಟೆಲ್ ಮೇಡಂ ಇವರು. ಚಾರ್‌ಮಿನಾರದಾಗ ನಾ ತಪ್ಪಿಸ್ಕೊಂಡಾಗ ಇವರ ನನ್ನ ಸಲುವಾಗಿ ನಿಂತಿದ್ರು." ಧ್ವನಿಯಲ್ಲಿ ಕೊಂಕು ಇರಲಿಲ್ಲ, ಪ್ರೀತಿಯೂ ಇರಲಿಲ್ಲ. ಊರಿನ ಹೆಸರು ಹೇಳಿದ ಹಾಗೆ ಹೇಳಿದಳು. ಆ ಹೆಂಗಸರು ನನ್ನನ್ನು ಗೌರವದಿಂದ ನೋಡಿದರು.

ತಾಟು ಸರಿಸಿದೆ. "ಹುಲಿಗೆವ್ವ, ನೀ ತಪ್ಪಿಸ್ಕೊಂಡಿದ್ದಿಲ್ಲ. ನಾ ಚಾರ್‌ಮಿನಾರ್ ಹತ್ತಿದ್ದೆ. ನೀ ನನ್ನ ಸಲುವಾಗಿ ಇಳದಿದ್ದಿ. ನಾ ಸುಳ್ಳ ಬರದೆ."

ಹೆಂಗಸರ ಕೈ ನಿಂತವು. ಹುಲಿಗೆಮ್ಮ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿ ತಿರುವಿದಳು. "ನನಗ್ಯಾಕ ಹೇಳ್ತೀರಿ ಮೇಡಂ? ನನಗ ಗೊತ್ತಿಲ್ಲೇನು? ಹಿತ್ತಲದಾಗ ಅಪ್ಪ ಕುಂತಾನ. ಹೋಗಿ ಅವಗ ಹೇಳ್ರಿ."

ಹಿತ್ತಲಿಗೆ ಹೋದೆ. ಅಮರಪ್ಪ ಬೇವಿನ ಗಿಡದ ನೆರಳಲ್ಲಿ ಕುಳಿತು ಮೊರದಲ್ಲಿ ಜೋಳದೊಳಗಿನ ಕಲ್ಲು ಆರಿಸುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಗುರುತು ಹಿಡಿದು ಎದ್ದು ಕೈ ಮುಗಿದ, ಅಂದು ವರಾಂಡದ ಮುಂದೆ ಮುಗಿದಂತೆಯೇ. ಕೈ ಮುಗಿಯಬೇಡ ಎಂದೆ. ನಿಂತೇ ಎಲ್ಲ ಹೇಳಿದೆ. ಏನೂ ಬಿಡಲಿಲ್ಲ. ಮೆಟ್ಟಿಲಲ್ಲಿ ಸಿಕ್ಕಿಕೊಂಡದ್ದು, ಅವಳಿಗೆ ಏಟು ಕೊಟ್ಟದ್ದು, ಟೆಂಪೊ ಬಂದಾಗ ಸುಮ್ಮನಿದ್ದದ್ದು, ವರದಿಯ ಆ ಒಂದು ವಾಕ್ಯ. "ನಿಮ್ಮ ಮಗಳು ಏನೂ ತಪ್ಪು ಮಾಡಿದ್ದಿಲ್ಲ ಅಮರಪ್ಪ. ತಪ್ಪು ನಂದು" ಎಂದೆ.

ಅವನು ಮತ್ತೆ ಕುಳಿತು, ಮೊರ ತೊಡೆಯ ಮೇಲೆಳೆದುಕೊಂಡು ಜೋಳವನ್ನು ಬೆರಳಿಂದ ಆಚೆ ಈಚೆ ಮಾಡಿದ.

"ಆಕೀ ಅವತ್ತ ಹೇಳಿದ್ಲು ಮೇಡಂ" ಎಂದ. "ಮನೀಗೆ ಹೋಗೂ ದಾರ್‍ಯಾಗ, ಬಸ್ಸಿನಾಗ, ನೀವೀಗ ಹೇಳಿದ್ರಲ್ಲ, ಹಿಂಗ, ಒಂದು ಅಕ್ಷರ ಬಿಡಲಾರದ ಹೇಳಿದ್ಲು. ಮೇಡಂ ಮ್ಯಾಲೆ ಹೋಗಿದ್ರು ಅಪ್ಪಾ, ಒಬ್ಬರ ಆಗ್ತಾರಂತ ನಾ ಇಳದೆ ಅಂದ್ಲು. ನೀವು ಬರದು ಕೊಟ್ಟಿದ್ರಿ. ಸಾಹೇಬ್ರು ಓದಿ ಹೇಳಿದ್ರು. ಓದಿದ ಮಂದಿ ಯಾಕ ಸುಳ್ಳ ಹೇಳ್ತಾರ ಅಂತ ನಾ ಬಸ್ಸಿನಾಗ ಎಲ್ಲಾರ ಮುಂದ ಆಕೀಗೆ ಹೊಡದೆ. ಮತ್ತೊಮ್ಮಿ ಈ ಮಾತ ಆಡಬ್ಯಾಡ ಅಂದೆ. ಆಕೀ ಆಡಲಿಲ್ಲ."

ಮೊರ ಕೆಳಗಿಟ್ಟು ಎದ್ದು, ಗೋಡೆ ಹಿಡಿದುಕೊಂಡು ನಡೆದು, ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತ. "ಹುಲಿಗೆವ್ವಾ" ಎಂದು ಕರೆದ.

"ಕೇಳಿಸ್ತಪ್ಪಾ" ಎಂದಳು ಅವಳು, ಒಲೆಯ ಕಡೆಯಿಂದ ಮುಖ ತಿರುಗಿಸದೆ. ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಅವನು ಒಳಗೆ ಹೋಗಿ ಅವಳ ಪಕ್ಕದಲ್ಲಿ ನೆಲಕ್ಕೆ ಕುಳಿತ. ನಾನು ಹಿತ್ತಲಿನಲ್ಲಿಯೇ ನಿಂತಿದ್ದೆ. ಯಾರೂ ನನ್ನನ್ನು ಒಳಗೆ ಬಾ ಎನ್ನಲಿಲ್ಲ, ಹೋಗು ಎಂದೂ ಹೇಳಲಿಲ್ಲ.